ಟರ್ಕಿ ಕೋಳಿಯ ಕಾಲುಗಳನ್ನು ಮನೆಯಲ್ಲಿ ಹೊಗೆಯಿಂದ ಬೇಯಿಸುವ ಕ್ರಮ

ಹಿತ್ತಿಲಲ್ಲಿ ಟರ್ಕಿ ಕೋಳಿಯನ್ನು ಸಾಕುವವರಿಗೆ ಅದರ ಕಾಲುಗಳ ವಿಷಯದಲ್ಲಿ ಒಂದು ತೊಡಕುಂಟು. ಎದೆಯ ಮಾಂಸವು ಬೇಗ ಬೇಯುವುದು. ಕಾಲಿನ ಮಾಂಸವಾದರೋ ನರಗಳಿಂದ ಕೂಡಿ ಗಡುಸಾಗಿರುವುದು. ಉಪ್ಪುನೀರಿನಲ್ಲಿ ನೆನೆಯಿಸಿ, ಮಸಾಲೆ ಹಚ್ಚಿ, ಹೊಗೆಯ ಮಂದ ಶಾಖದಲ್ಲಿ ಬೇಯಿಸಿದಲ್ಲಿ ಅದೇ ಮಾಂಸವು ಮೃದುವೂ ರುಚಿಕರವೂ ಆಗುವುದು. ಆದರೆ ಅಜಾಗರೂಕತೆಯಿಂದ ಮಾಡಿದರೆ ಉಂಡವರೆಲ್ಲರೂ ಹಾಸಿಗೆ ಹಿಡಿಯುವ ಸಂಭವವುಂಟು. ಆದಕಾರಣ ಕ್ರಮವನ್ನು ಕೆಳಗೆ ವಿವರಿಸಿದೆ.

1. ಹೊಗೆಯ ಗುಣ

ಹೊಗೆ ತಗುಲಿದ ಮಾಂಸವು ಕೆಡುವುದಿಲ್ಲವೆಂದು ಅನೇಕರು ನಂಬಿರುತ್ತಾರೆ. ಕೊಡಗಿನಲ್ಲಿ ಉಪ್ಪು ಹಚ್ಚಿದ ಮಾಂಸವನ್ನು ತೆಳುವಾದ ಪಟ್ಟಿಗಳಾಗಿ ಕೊಯ್ದು ಒಲೆಯ ಮೇಲೆ ತೂಗಿ ಒಣಗಿಸುವ ರೂಢಿಯುಂಟು. ಅಲ್ಲಿ ಮಾಂಸವನ್ನು ಮುಖ್ಯವಾಗಿ ಕಾಪಾಡುವುದು ಉಪ್ಪು ಮತ್ತು ಒಣಗುವಿಕೆ. ಮೂಳೆಯುಳ್ಳ ದಪ್ಪ ಕಾಲಿನ ಒಳತೇವವು ಹೀಗೆ ಆರುವುದಿಲ್ಲ. ಹೊಗೆಯು ಮೇಲ್ಭಾಗಕ್ಕೆ ಮಾತ್ರ ಹತ್ತುವುದು. ಕಾಲನ್ನು ಪೂರ್ಣವಾಗಿ ಬೇಯಿಸಿಯೇ ತೀರಬೇಕು.

2. ಮಸಾಲೆ

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸುಮಾರು 1130ರಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಾಂಸದ ಅಡಿಗೆಗೆ ಮೆಣಸು, ಇಂಗು, ಶುಂಠಿ, ಸೈಂಧವ ಲವಣ, ಹುಳಿರಸ ಮುಂತಾದವು ಹೇಳಲ್ಪಟ್ಟಿವೆ. ಮೆಣಸಿನಕಾಯಿಯು ಅಮೇರಿಕದಿಂದ ಪೋರ್ಚುಗೀಸರ ಮೂಲಕ 16ನೆಯ ಶತಮಾನದಲ್ಲಿ ಬಂದುದರಿಂದ ಅದರಲ್ಲಿಲ್ಲ. ಟರ್ಕಿ ಕೋಳಿಯ ಮೂಲವೂ ಅಮೇರಿಕವೇ; ಆ ದೊರೆಯು ಈ ಪಕ್ಷಿಯನ್ನು ಕಂಡವನಲ್ಲ. ಆದರೂ ಆ ಹಳೆಯ ಮಸಾಲೆಯು ಇದಕ್ಕೆ ಚೆನ್ನಾಗಿ ಒಪ್ಪುವುದು.

ನಾಲ್ಕು ಕಾಲುಗಳಿಗೆ: ಕರಿಮೆಣಸು 20 ಗ್ರಾಂ, ಜೀರಿಗೆ 10 ಗ್ರಾಂ, ಕೊತ್ತಂಬರಿ ಬೀಜ 10 ಗ್ರಾಂ, ಅರಿಸಿನ 5 ಗ್ರಾಂ, ಹಸಿಶುಂಠಿ 30 ಗ್ರಾಂ, ಕಡಲೆಕಾಳಿನಷ್ಟು ಇಂಗು, ಎರಡು ನಿಂಬೆಹಣ್ಣಿನ ರಸ. ಇವನ್ನು ನುಣ್ಣಗೆ ಅರೆಯತಕ್ಕದ್ದು.

3. ನೆನೆಯಿಸುವುದು

3 ಲೀಟರ್ ನೀರಿಗೆ 180 ಗ್ರಾಂ ಉಪ್ಪನ್ನೂ 50 ಗ್ರಾಂ ಬೆಲ್ಲವನ್ನೂ ಹಾಕಿ ಕುದಿಸಿ, ಪೂರ್ಣವಾಗಿ ಆರಿಸಬೇಕು. ಪಿಂಗಾಣಿ ಅಥವಾ ಗಾಜಿನ ಪಾತ್ರೆಯಲ್ಲಿ ಕಾಲುಗಳನ್ನು ಮುಳುಗಿಸಿ 12 ಗಂಟೆ ಶೀತಪೆಟ್ಟಿಗೆಯಲ್ಲಿಡಬೇಕು. ತಾಮ್ರ, ಹಿತ್ತಾಳೆಯ ಪಾತ್ರೆ ಕೂಡದು. ಆಮೇಲೆ ತೆಗೆದು, ತೇವವನ್ನು ಒರಸಿ, ಮಸಾಲೆ ಹಚ್ಚತಕ್ಕದ್ದು. ಉಪ್ಪನ್ನು ಪುನಃ ಹಾಕಬಾರದು. ನೆನೆಯಿಸಿದ ನೀರನ್ನು ಚೆಲ್ಲಿಬಿಡಬೇಕು.

4. ಹೊಗೆ ಕೊಡುವುದು

ಮುಚ್ಚಳವುಳ್ಳ ಇಟ್ಟಿಗೆಯ ಗೂಡು ಸಾಕು. ಅದು ಹುಲ್ಲಿನ ಬಣವೆಯಿಂದಲೂ ಗುಡಿಸಲಿನಿಂದಲೂ ದೂರವಿರಲಿ. ಸತುವಿನ ಲೇಪವುಳ್ಳ ತಗಡನ್ನು ಉಪಯೋಗಿಸಬಾರದು. ಕಾದಾಗ ಅದರಿಂದ ವಿಷದ ಹೊಗೆ ಏಳಬಹುದು. ಚೆನ್ನಾಗಿ ಒಣಗಿದ ಸೀಬೆ ಅಥವಾ ಮಾವಿನ ಸೌದೆಯು ಉತ್ತಮ. ಕಣಗಿಲೆಯು ವಿಷಗಿಡವಾದುದರಿಂದ ಅದರ ಕಡ್ಡಿಯನ್ನು ಸಹ ಹಾಕಕೂಡದು; ಬಣ್ಣ ಬಳಿದ ಹಲಗೆಯೂ ವರ್ಜ್ಯ. ಗೂಡಿನ ಶಾಖವು 110ರಿಂದ 120 ಡಿಗ್ರಿ ಸೆಂಟಿಗ್ರೇಡ್ ಇರಬೇಕು. ಸಾಮಾನ್ಯವಾಗಿ 3ರಿಂದ 4 ಗಂಟೆ ಹಿಡಿಯುವುದು.

5. ಬೆಂದುದರ ಪರೀಕ್ಷೆ

ಬಣ್ಣವನ್ನು ನಂಬಬಾರದು. ಹೊರಗೆ ಕಂದು ಬಣ್ಣಕ್ಕೆ ತಿರುಗಿದ ಕಾಲು ಮೂಳೆಯ ಬಳಿ ಹಸಿಯಾಗಿರಬಹುದು. ಪೂರ್ಣವಾಗಿ ಬೆಂದುದು ಹೊಗೆಯ ದೆಸೆಯಿಂದ ಕೆಂಪಾಗಿಯೇ ಕಾಣಬಹುದು. ಉಷ್ಣಮಾಪಕದ ಮೊನೆಯನ್ನು ಮೂಳೆಗೆ ತಾಗದಂತೆ ದಪ್ಪಭಾಗದಲ್ಲಿ ಚುಚ್ಚಿ ನೋಡತಕ್ಕದ್ದು. ಪ್ರತಿಯೊಂದು ಕಾಲಿನಲ್ಲಿಯೂ ಕನಿಷ್ಠ 74 ಡಿಗ್ರಿ ಇರಲೇಬೇಕು. 82 ಡಿಗ್ರಿಗೆ ಏರಿದರೆ ಮಾಂಸವು ಇನ್ನೂ ಮೃದುವಾಗುವುದು.

6. ಇಡುವುದು

ಬಿಸಿಯಾಗಿರುವಾಗಲೇ ಬಡಿಸುವುದು ಲೇಸು. ಉಳಿದುದನ್ನು ಎರಡು ಗಂಟೆಯೊಳಗೆ ಶೀತಪೆಟ್ಟಿಗೆಯಲ್ಲಿಟ್ಟು ಮೂರು ದಿನಗಳೊಳಗೆ ಮುಗಿಸತಕ್ಕದ್ದು. ಹಬ್ಬದೂಟಕ್ಕೆ ನೆರೆಹೊರೆಯವರನ್ನು ಕರೆಯುವ ಯಜಮಾನರು ಉಷ್ಣಮಾಪಕವೊಂದನ್ನು ಮೊದಲೇ ಕೊಂಡಿಟ್ಟುಕೊಳ್ಳುವುದು ಒಳ್ಳೆಯದು. ಅದರ ಬೆಲೆ ಅಲ್ಪ. ಅದಿಲ್ಲದೆ ಆಗುವ ಕೇಡು ಅಲ್ಪವಲ್ಲ.