ಅಜ್ಜಿಯ ಟ್ರಂಕಿಗೆ ಬಣ್ಣ ಹೊಡೆಯುವ ಮುನ್ನ

ಮೊನ್ನೆ ತಮ್ಮನ ಮಗಳು ಫೋನ್ ಮಾಡಿದ್ದಳು. ‘ದೊಡ್ಡಪ್ಪ, ಅಟ್ಟದ ಮೇಲೆ ಅಜ್ಜಿಯ ಟ್ರಂಕು ಸಿಕ್ಕಿತು. ಸ್ಪ್ರೇ ಡಬ್ಬ ತಂದಿದ್ದೀನಿ, ಈ ಭಾನುವಾರ ಹೊಡೆದುಬಿಡಲಾ?’ ಆ ‘ಹೊಡೆದುಬಿಡಲಾ’ ಕೇಳಿಯೇ ನನಗೆ ದಿಗಿಲಾಯಿತು. ನಿವೃತ್ತನಾದ ವರ್ಷ ನಾನೂ ಹಾಗೇ ಒಂದು ಭಾನುವಾರ ಹೊಲಿಗೆ ಮೆಷಿನ್ನಿನ ಕಬ್ಬಿಣದ ಸ್ಟ್ಯಾಂಡಿಗೆ ಕಪ್ಪು ಬಣ್ಣ ಹೊಡೆದಿದ್ದೆ. ಆ ಮಳೆಗಾಲ ಮುಗಿಯುವುದರೊಳಗೆ ಅದು ಹಪ್ಪಳದ ಹಾಗೆ ಎದ್ದುಬಂತು. ಫೋನಿನಲ್ಲಿ ಅವಳಿಗೆ ಅರ್ಧ ಹೇಳಿದೆ. ಪೂರ್ತಿ ಇಲ್ಲಿದೆ.

• ಮೊದಲ ದಿನ ಟ್ರಂಕನ್ನು ಮುಟ್ಟಲೇಬೇಡ, ಮಗಳೇ. ಖಾಲಿ ಬಿಸ್ಕತ್ತಿನ ತಗಡಿನ ಡಬ್ಬದ ಮೇಲೆ ಕೈ ಪಳಗಿಸಿಕೊ.

• ಎಲ್ಲದಕ್ಕೂ ಬಣ್ಣ ಬೇಡ. ಹಿತ್ತಾಳೆ ದೀಪಕ್ಕೆ ಚಿನ್ನದ ಬಣ್ಣ ಹೊಡೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅದಕ್ಕೆ ಹುಣಸೆಹಣ್ಣು ಸಾಕು. ತೇಗ, ಬೀಟೆಯ ಸಾಮಾನಿಗೆ ಪಾಲಿಶ್ ಮಾಡಿಸು. ಅಡುಗೆಯ, ಊಟದ ಪಾತ್ರೆಗಳ ಹತ್ತಿರ ಸ್ಪ್ರೇ ಡಬ್ಬ ತರಲೇಬೇಡ.

• ಸ್ಟ್ಯಾಂಡು ಕೆಟ್ಟದ್ದು ಬಣ್ಣದಿಂದಲ್ಲ, ಅದರ ಕೆಳಗೆ ಉಳಿದಿದ್ದ ಮೆಷಿನ್ ಎಣ್ಣೆ ಮತ್ತು ತುಕ್ಕಿನಿಂದ. ‘ಮೊದಲು ತೊಳೀರಿ’ ಅಂತ ನಿನ್ನ ದೊಡ್ಡಮ್ಮ ಹೇಳಿದ್ದಳು, ನಾನು ಕೇಳಲಿಲ್ಲ. (ಈ ಸ್ಪ್ರೇ ಡಬ್ಬ ಹುಟ್ಟಿದ್ದೇ ಹೆಂಡತಿಯ ಮಾತಿನಿಂದ. 1949ರಲ್ಲಿ ಅಮೆರಿಕದ ಎಡ್ವರ್ಡ್ ಸೀಮೋರ್ ಅವರಿಗೆ ಈ ಉಪಾಯ ಹೊಳೆಯಿಸಿದವರು ಪತ್ನಿ ಬಾನಿ. ಇದನ್ನು ದೊಡ್ಡಮ್ಮನಿಗೆ ಹೇಳಿ ತಪ್ಪು ಮಾಡಿದೆ.) ಸೋಪಿನ ನೀರಲ್ಲಿ ತಿಕ್ಕಿ ತೊಳೆದು ಒಣಗಿಸು. ತುಕ್ಕಿರುವ ಕಡೆ ತಂತಿ ಬ್ರಶ್ಶು, ಆಮೇಲೆ 120 ನಂಬರಿನ ಎಮೆರಿ ಪೇಪರ್, ಕೊನೆಗೆ 320. ನಂಬರು ಹೆಚ್ಚಾದಷ್ಟೂ ಕಾಗದ ನಯ. ಹಳೆ ಬಣ್ಣವನ್ನು ಪೂರ್ತಿ ಕೀಳಬೇಕಿಲ್ಲ. ಗಟ್ಟಿಯಾಗಿ ಕೂತಿದ್ದರೆ ಅದರ ಹೊಳಪು ಹೋಗುವಷ್ಟು ಉಜ್ಜು, ಹೊಸ ಬಣ್ಣಕ್ಕೆ ಹಿಡಿತ ಸಿಗುತ್ತದೆ. ಬೆರಳಿನಲ್ಲಿ ಸವರಿ ನೋಡು: ಕಣ್ಣಿಗೆ ಕಾಣದ ಅಂಚು ಬೆರಳಿಗೆ ಸಿಗುತ್ತದೆ. ಬೆರಳಿಗೆ ಸಿಕ್ಕಿದ್ದು ಬಣ್ಣ ಬಿದ್ದ ಮೇಲೆ ಎಲ್ಲರ ಕಣ್ಣಿಗೂ ಕಾಣುತ್ತದೆ.

• ಉಜ್ಜುವಾಗ ನೀರು ಹಾಕಿಕೊಂಡೇ ಉಜ್ಜು; ಅದಕ್ಕೆ ವಾಟರ್ ಪೇಪರ್ ಅಂತಲೇ ಸಿಗುತ್ತದೆ. ನಮ್ಮಲ್ಲಿ ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದು ಎಂಬ ಕಾನೂನು ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ನಿನ್ನ ಅಜ್ಜಿಯ ಟ್ರಂಕು ಅದಕ್ಕಿಂತ ಎಷ್ಟೋ ಹಳೆಯದು. ಆ ಪುಡಿ ಗಾಳಿಗೆ ಹಾರಬಾರದು, ಮಗು ಅಂಬೆಗಾಲಿಡುವ ನೆಲಕ್ಕೆ ಬೀಳಬಾರದು. ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನೂ ಎಸೆದುಬಿಡು. ಉಜ್ಜಿ ಆದಮೇಲೆ ಟ್ರಂಕನ್ನು ಬಿಸಿಲಿಗಿಡು, ಸಂದಿಯಲ್ಲಿ ಒಂದು ಹನಿ ನೀರೂ ಉಳಿಯಬಾರದು.

• ಪ್ರೈಮರ್ ತಪ್ಪಿಸಬೇಡ. ಕಬ್ಬಿಣಕ್ಕೆ ರೆಡ್ ಆಕ್ಸೈಡ್. ಪ್ಲಾಸ್ಟಿಕ್ಕಿಗೆ ಅದರದೇ ಬೇರೆ. ಸತುವಿನ ಲೇಪವಿರುವ ಜಿಐ ಬಕೆಟ್ಟಿಗೂ ಬೇರೆಯದೇ ಬೇಕು. ಅಂಗಡಿಯಲ್ಲಿ ‘ಜಿಐಗೆ’ ಅಂತ ಬಾಯಿಬಿಟ್ಟು ಹೇಳು.

• ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಅಜ್ಜಿಯ ಹೆಸರು, ಊರು ಬರೆದಿದೆಯಲ್ಲ, ಅದು ಮದುವೆಯ ವರ್ಷ ಬರೆಸಿದ್ದು. ಅದರ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ, ಅಂಚನ್ನು ಉಗುರಿನಿಂದ ಒತ್ತು. ಬೀಗದ ಕೊಂಡಿಗೂ ಟೇಪು. ಕೊನೆಯ ಕೋಟು ಪೂರ್ತಿ ಗಟ್ಟಿಯಾಗುವ ಮೊದಲೇ ಟೇಪನ್ನು ಓರೆಯಾಗಿ, ನಿಧಾನಕ್ಕೆ ಎಳೆ. ತಡಮಾಡಿದರೆ ಬಣ್ಣವೂ ಜೊತೆಗೆ ಕಿತ್ತುಬರುತ್ತದೆ.

• ಆಷಾಢದಲ್ಲಿ ಈ ಕೆಲಸ ಬೇಡ. ಗಾಳಿಗೆ ತುಂತುರು ಎಲ್ಲಿಗೆ ಹೋಗುತ್ತದೆಂದು ನನ್ನ ಬಿಳಿ ಬನಿಯನ್ನುಗಳನ್ನು ಕೇಳು. ಅವು ಹತ್ತಡಿ ಆಚೆ ಹಗ್ಗದ ಮೇಲಿದ್ದವು. ತೇವದ ಹವೆಯಲ್ಲಿ ಹೊಳೆಯಬೇಕಾದ ಬಣ್ಣ ಬೂದಿ ಮೆತ್ತಿದಂತೆ ಮಂಕಾಗುತ್ತದೆ. ದೀಪಾವಳಿ ಕಳೆದ ಮೇಲೆ, ಇಬ್ಬನಿ ಆರಿದ ಹೊತ್ತು, ನೆರಳಿನಲ್ಲಿ ಹೊಡೆ.

• ಇನ್ನು ಕೈ. ಒಳಗಿನ ಗೋಲಿ ಕಟಕಟ ಅನ್ನಲು ಶುರುವಾದ ಮೇಲೂ ಡಬ್ಬವನ್ನು ಎರಡು ನಿಮಿಷ ಅಲ್ಲಾಡಿಸು. ನಳಿಕೆಗೂ ಟ್ರಂಕಿಗೂ ಒಂದು ಗೇಣು, ಬೇಕಾದರೆ ಇನ್ನೆರಡು ಬೆರಳು ಅಂತರ. ಸ್ಪ್ರೇ ಟ್ರಂಕಿನ ಆಚೆಯಿಂದಲೇ ಶುರುವಾಗಬೇಕು, ಈಚೆ ದಾಟಿದ ಮೇಲೆ ನಿಲ್ಲಬೇಕು. ನಡುವೆ ಎಲ್ಲಿಯೂ ಕೈ ನಿಲ್ಲಬಾರದು, ನಿಂತ ಕಡೆ ಬಣ್ಣ ಕಣ್ಣೀರಿನ ಹಾಗೆ ಇಳಿಯುತ್ತದೆ. ಮಣಿಕಟ್ಟು ತಿರುಗಿಸದೆ ಇಡೀ ತೋಳನ್ನು ಸರಿಸು. ರಂಗೋಲಿಗೆ ಮುಂಚೆ ಅಂಗಳಕ್ಕೆ ನೀರು ಚಿಮುಕಿಸುತ್ತೇವಲ್ಲ, ಹಾಗೆ. ಮೊದಲ ಕೋಟಿನಲ್ಲಿ ಹಳೆ ಬಣ್ಣ ಇಣುಕುತ್ತದೆ, ಇಣುಕಲಿ. ಅಲ್ಲೇ ತಾಳ್ಮೆ ತಪ್ಪಿ ಎಲ್ಲರೂ ಕೆಡಿಸುವುದು. ಹತ್ತು ಹದಿನೈದು ನಿಮಿಷ ಬಿಟ್ಟು ಎರಡನೆಯದು, ಆಮೇಲೆ ಮೂರನೆಯದು. ಕೆಲವು ಬಣ್ಣಗಳಿಗೆ ಮುಂದಿನ ಕೋಟು ಒಂದು ಗಂಟೆಯೊಳಗೆ ಬೀಳಬೇಕು, ಇಲ್ಲವೇ ಮಾರನೆಯ ದಿನ. ನಡುವೆ ಹೊಡೆದರೆ ಸುಕ್ಕುಗಟ್ಟುತ್ತದೆ. ಡಬ್ಬದ ಮೇಲೆ ಸಣ್ಣಕ್ಷರದಲ್ಲಿರುವುದು ಇದೇ, ಓದು.

• ಇಳಿದುಬಿಟ್ಟರೆ ಬೆರಳು ಹಾಕಿ ಒರೆಸಬೇಡ. ಒಣಗಲಿ, 400ರ ವಾಟರ್ ಪೇಪರಿನಲ್ಲಿ ಉಜ್ಜಿ ಮತ್ತೆ ತೆಳ್ಳಗೆ ಹೊಡೆ.

• 400 ಮಿಲಿಯ ಒಂದು ಡಬ್ಬದಲ್ಲಿ ಟ್ರಂಕು ಮುಗಿಯುವುದಿಲ್ಲ. ಎರಡು ತಂದಿಟ್ಟುಕೊ.

• ಬಚ್ಚಲುಮನೆಯಲ್ಲಿ, ಬಾಗಿಲು ಹಾಕಿದ ಕೋಣೆಯಲ್ಲಿ ಹೊಡೆಯಬೇಡ. ಮುಖಕ್ಕೆ ಕಟ್ಟಿದ ಟವೆಲ್ಲು ಬಣ್ಣದ ಕಣ ತಡೆದೀತು, ಥಿನ್ನರಿನ ಆವಿಯನ್ನಲ್ಲ. ಬಣ್ಣವನ್ನು ಹೊರಗೆ ತಳ್ಳುವ ಅನಿಲವೂ ಬೆಂಕಿ ಹತ್ತುವಂಥದ್ದೇ: ಒಲೆ, ಊದುಬತ್ತಿ, ಬೀಡಿ ಯಾವುದೂ ಹತ್ತಿರ ಇರಬಾರದು. ಡಬ್ಬವನ್ನು ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡಬೇಡ. ಖಾಲಿಯಾದರೂ ತೂತು ಹಾಕಬೇಡ, ಕಸದ ಜೊತೆ ಸುಡಬೇಡ.

• ಕೆಲಸ ಮುಗಿದ ಮೇಲೆ ಡಬ್ಬವನ್ನು ತಲೆಕೆಳಗು ಹಿಡಿದು, ಬರೀ ಗಾಳಿ ಬರುವವರೆಗೆ ಒತ್ತು. ಇಲ್ಲದಿದ್ದರೆ ನಳಿಕೆ ಕಟ್ಟಿಕೊಂಡು ಉಳಿದ ಬಣ್ಣ ದಂಡ.

• ಮುಟ್ಟಿದರೆ ಅಂಟುವುದಿಲ್ಲ ಎಂದಮಾತ್ರಕ್ಕೆ ಒಣಗಿತು ಅಂದುಕೊಳ್ಳಬೇಡ. ಒಂದು ವಾರ ಟ್ರಂಕಿನ ಮುಚ್ಚಳ ಹಾಕಬೇಡ, ಮೇಲೆ ಹಾಸಿಗೆ ಪೇರಿಸಬೇಡ. ನನ್ನ ಸ್ಪ್ಯಾನರ್ ಪೆಟ್ಟಿಗೆಯನ್ನು ಎರಡನೇ ದಿನವೇ ಮುಚ್ಚಿದ್ದೆ. ಕೊನೆಗೆ ಸ್ಕ್ರೂಡ್ರೈವರ್ ತೂರಿಸಿ ಮುಚ್ಚಳ ಎಬ್ಬಿಸಬೇಕಾಯಿತು. ಅಂಚಿನ ಬಣ್ಣ ಸುತ್ತಲೂ ಕಿತ್ತುಬಂದದ್ದು ಈಗಲೂ ಹಾಗೇ ಇದೆ.