ಕೊನೆಗದ್ದೆಯವನನ್ನು ಕೇಳಿ ಕಟ್ಟಿ

ಮಕ್ಕಳೇ, ಹನುಮಂತನಪಟ್ಟಿಯಿಂದ ಕಂಪ್ಯೂಟರ್ ಓದಲು ಹೋದವರು ರಜೆಗೆ ಬಂದಾಗ, ಇಂಟರ್ನೆಟ್ ಹಳತಾಯಿತು, ಬುಡದಿಂದಲೇ ಹೊಸದು ಕಟ್ಟಬೇಕು ಎನ್ನುತ್ತೀರಿ. ಮಾತಿನಲ್ಲಿ ಹುರುಳಿದೆ. ಇಂದಿಗೂ ಜಾಲವನ್ನು ನಡೆಸುವ ನಿಯಮಗಳು ಇಂಟರ್ನೆಟ್ಟಿನ ಪೂರ್ವಜ ಅರ್ಪಾನೆಟ್‌ನಲ್ಲಿ ಜಾರಿಗೆ ಬಂದದ್ದು 1983ರ ಜನವರಿ 1ರಂದು. ಆಗ ಅಲ್ಲಿದ್ದವರು ಹೆಚ್ಚಾಗಿ ಒಬ್ಬರನ್ನೊಬ್ಬರು ನಂಬುವ ಸಂಶೋಧಕರು. ಕಳ್ಳರ ಚಿಂತೆ ಅಷ್ಟಿರಲಿಲ್ಲ. ಜಾಲಕ್ಕೆ ಸೇರುವ ಸಾಧನಗಳ ವಿಳಾಸಗಳೂ ಸುಮಾರು 430 ಕೋಟಿಗೆ ಮುಗಿದುಬಿಡುತ್ತಿದ್ದವು. ಕಟ್ಟಿ, ಬೇಡವೆನ್ನುವುದಿಲ್ಲ. ಅದಕ್ಕೆ ಮೊದಲು ತಮಿಳುನಾಡಿನ ನಮ್ಮ ತೇನಿಯಲ್ಲೇ ನಡೆದದ್ದನ್ನು ತಿಳಿದುಕೊಳ್ಳಿ.

ತೇನಿಯ ಅರವಿಂದ ಕಣ್ಣಾಸ್ಪತ್ರೆಗೂ ಬೋಡಿ, ಚಿನ್ನಮನೂರಿನಂಥ ಊರುಗಳ ಕಣ್ಣಿನ ಕೇಂದ್ರಗಳಿಗೂ ಎರಡು ದಶಕದ ಹಿಂದೆ ಬರ್ಕ್ಲಿ ವಿಶ್ವವಿದ್ಯಾಲಯದವರು ವೈಫೈ ಸಂಪರ್ಕ ಕಟ್ಟಿದರು. ರೋಗಿ ಊರಲ್ಲೇ ಕೂತು, ತೇನಿಯ ಡಾಕ್ಟರ ಜೊತೆ ವಿಡಿಯೊದಲ್ಲಿ ಮಾತಾಡುವ ಏರ್ಪಾಡು. ವೈಫೈ ಇದ್ದದ್ದು ಮನೆಯೊಳಗಿನ ದೂರಕ್ಕೆ. ಒಂದೊಂದು ತುಣುಕು ಕಳಿಸಿದಾಗಲೂ ‘ತಲುಪಿತು’ ಎಂಬ ಉತ್ತರಕ್ಕೆ ಅದು ಕಾಯುತ್ತದೆ. ಹತ್ತಾರು ಕಿಲೋಮೀಟರ್ ಆಚೆಯಿಂದ ಉತ್ತರ ತಡವಾದರೆ, ಕಳೆದೇಹೋಯಿತೆಂದು ಮತ್ತೆ ಕಳಿಸುತ್ತದೆ. ಅವರು ಆ ಅಗ್ಗದ ಸಾಮಾನನ್ನು ಎಸೆಯಲಿಲ್ಲ. ಮಾತಿನ ನಿಯಮ ಬದಲಿಸಿದರು. ಎರಡೂ ಕಡೆಯವರಿಗೆ ಸರದಿ ಗೊತ್ತುಮಾಡಿದರು, ಉತ್ತರಗಳನ್ನು ಒಟ್ಟಾಗಿ ಕಳಿಸುವಂತೆ ಮಾಡಿದರು. 2007ರ ಅವರ ಪ್ರಬಂಧದ ಪ್ರಕಾರ ವೇಗ ಎರಡರಿಂದ ಐದು ಪಟ್ಟು ಹೆಚ್ಚಿತು.

ನನಗೆ ಇದಕ್ಕಿಂತ ಮುಖ್ಯವೆನಿಸುವುದು ಅವರದೇ 2008ರ ಪ್ರಬಂಧ. ಅದರ ಪ್ರಕಾರ ಜಾಲವನ್ನು ಹೆಚ್ಚು ಕಾಡಿದ್ದು ಕರೆಂಟು. ವೋಲ್ಟೇಜ್ ಏರಿಳಿತಕ್ಕೆ ಸಾಧನಗಳು ಸುಡುತ್ತಿದ್ದವು, ಕೆಡುತ್ತಿದ್ದವು. ಕೆಟ್ಟದ್ದು ಎಲ್ಲಿ ಎಂದು ಪತ್ತೆಹಚ್ಚಲು ಸ್ಥಳದಲ್ಲಿ ಬಲ್ಲವರಿರಲಿಲ್ಲ. ಆಮೇಲೆ ವೋಲ್ಟೇಜ್ ತೀರಾ ಇಳಿದರೆ ಸಾಧನವನ್ನು ಬಿಡಿಸುವ ಸರ್ಕ್ಯೂಟ್ ಹಾಕಿದರು, ಆಸ್ಪತ್ರೆಯ ಸಿಬ್ಬಂದಿಗೇ ಕೆಲಸ ಕಲಿಸಿದರು. ಪೆರಿಯಾರ್ ನೀರು 1895ರಿಂದ ನಮ್ಮ ಈ ಕಣಿವೆಗೆ ಹರಿಯುತ್ತಿದೆ; ಕಾಲುವೆ ಹೇಗಿದೆಯೆಂದು ತೂಬಿನ ಬಾಯಿಯ ರೈತನನ್ನು ಯಾರೂ ಕೇಳುವುದಿಲ್ಲ, ಕೊನೆಗದ್ದೆಯವನನ್ನು ಕೇಳುತ್ತಾರೆ. ಜಾಲಕ್ಕೂ ಅದೇ ಪರೀಕ್ಷೆ.

ಇನ್ನೆರಡು ಮಾತು. ವಿಳಾಸದ ಕೊರತೆ ನೀಗಿಸಲು ಐಪಿವಿ6 ಎಂಬ ಹೊಸ ನಿಯಮ 1990ರ ದಶಕದಲ್ಲೇ ಸಿದ್ಧವಾಯಿತು. ಹಳೆಯದರೊಂದಿಗೆ ಅದು ನೇರವಾಗಿ ಮಾತಾಡದು. ಹೀಗಾಗಿ ಇವತ್ತಿಗೂ ಎರಡನ್ನೂ ಒಟ್ಟಿಗೆ ಸಾಕಬೇಕಾಗಿದೆ. ಹಳಬರ ಜೊತೆ ಬಾಳುವ ದಾರಿಯನ್ನು ಮೊದಲೇ ಯೋಚಿಸಿ. ಹಾಗೆಯೇ, ತಾಣಗಳ ಹೆಸರಿನ ಪದ್ಧತಿ ಮಾಡಿದವರಿಗೆ ಇಂಗ್ಲಿಷ್ ಅಕ್ಷರವೇ ಸಾಕಾಗಿತ್ತು. ನಾವು ಮನೆಯಲ್ಲಿ ಆಡುವ ಕನ್ನಡಕ್ಕೂ ಬೀದಿಯಲ್ಲಿ ಆಡುವ ತಮಿಳಿಗೂ 2003ರಲ್ಲಿ ತೇಪೆ ಹಾಕಿದರು. ಈಗಲೂ ಕನ್ನಡದ ಹೆಸರು ಒಳಗೊಳಗೆ ಇಂಗ್ಲಿಷ್ ಅಕ್ಷರವಾಗಿಯೇ ಸಾಗುತ್ತದೆ. ನಕ್ಷೆ ಬರೆಯುವಾಗ ಹೊರಗುಳಿದವರಿಗೆ ಆಮೇಲೆ ದಕ್ಕುವುದು ತೇಪೆಯೇ.

ಆದ್ದರಿಂದ ನಕ್ಷೆ ಬರೆಯುವವರ ಸಾಲಿಗೆ ನೀವೂ ಹೋಗಿ. ನಿಮ್ಮ ಜಾಲವನ್ನು ಲ್ಯಾಬಿನಲ್ಲಿ ಪರೀಕ್ಷಿಸಿದ ಮೇಲೆ ಈ ಕಣಿವೆಗೆ ತಂದು ಒಂದು ಮಳೆಗಾಲ ಓಡಿಸಿ. ಕೆಟ್ಟಾಗ ಇಲ್ಲಿನವರೇ ಸರಿಮಾಡಿಕೊಂಡರೆ ಮಾತ್ರ ಅದನ್ನು ಜಗತ್ತಿಗೆ ಕೊಡಿ.