ಹೆಸರು ನೆನಪಿಲ್ರಿ, ರಟ್ಟು ನೀಲಿ ಇತ್ತು

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ಓದುಗರಿಗೆ ಹಳೆಯ ಪುಸ್ತಕ ಹುಡುಕಿಕೊಡುವುದು ನನ್ನ ಹವ್ಯಾಸ. ಅದರಲ್ಲಿ ಹೆಚ್ಚು ಸತಾಯಿಸುವುದು ವೈಜ್ಞಾನಿಕ ಕಾದಂಬರಿ. ಕೇಳುವವರಿಗೆ ಅರ್ಧ ಕಥೆ ಗೊತ್ತಿರುತ್ತದೆ, ಹೆಸರು ಗೊತ್ತಿರುವುದಿಲ್ಲ.

1. ಕಥೆ ಆಮೇಲೆ ಕೇಳಿ, ಎಲ್ಲಿ ಕೂತು ಓದಿದಿರಿ ಎಂದು ಮೊದಲು ಕೇಳಿ. ಕಥೆ ತಲೆಯೊಳಗೆ ಬೆಳೆಯುತ್ತದೆ, ಬೇರೆ ಕಥೆಯ ಜೊತೆ ಬೆರೆಯುತ್ತದೆ. ಓದಿದ ಜಾಗ ಅಷ್ಟು ಸುಲಭವಾಗಿ ಬದಲಾಗದು. "ಹಾಸ್ಟೆಲ್ದಾಗ ರೀ ಸರ, ಹತ್ತನೇತ್ತ ಮುಗಿಸಿದ್ದೆ" ಎಂದರೆ ಇಸವಿ ಸಿಕ್ಕಿತು. ಪುಸ್ತಕದ ಮೇಲೆ ರಾಯಚೂರು ಜಿಲ್ಲೆಯ ಮೊಹರು ಇತ್ತೆಂದರೆ ಇನ್ನೂ ಒಳ್ಳೆಯದು: ಕೊಪ್ಪಳ ಬೇರೆ ಜಿಲ್ಲೆಯಾದದ್ದು 1990ರ ದಶಕದ ಕೊನೆಗೆ, ಪುಸ್ತಕ ಬಹುಶಃ ಅದಕ್ಕೂ ಹಳೆಯದು. ರಟ್ಟಿನ ಬಣ್ಣವನ್ನು ಮಾತ್ರ ನಂಬಬೇಡಿ. ಬಾಡಿಗೆ ಲೈಬ್ರರಿಯವರು ಹರಿದ ಪುಸ್ತಕಕ್ಕೆಲ್ಲ ಬೇರೆ ರಟ್ಟು ಹಾಕಿಸುತ್ತಿದ್ದರು.

2. ಅದು ಪುಸ್ತಕವೇ ಅಲ್ಲದಿರಬಹುದು. 1956ರಲ್ಲಿ ಹುಬ್ಬಳ್ಳಿಯಿಂದ ಶುರುವಾದ 'ಕಸ್ತೂರಿ' ಪತ್ರಿಕೆಯ ಪುಸ್ತಕ ವಿಭಾಗದಲ್ಲಿ ಇಡೀ ಪುಸ್ತಕದ ಸಾರ ಬರುತ್ತಿತ್ತು. ಓದಿದವರಿಗೆ ಕಾದಂಬರಿಯನ್ನೇ ಓದಿದ ನೆನಪು. 'ಸುಧಾ', 'ತರಂಗ'ಗಳ ಧಾರಾವಾಹಿ ಇನ್ನೊಂದು ದಾರಿ. ನಡುವಿನ ಕಥೆ ಚೆನ್ನಾಗಿ ಹೇಳಿ ಕೊನೆಯೇ ಗೊತ್ತಿಲ್ಲ ಎಂದರೆ ನನಗೆ ವಾರಪತ್ರಿಕೆಯ ಅನುಮಾನ. ಸಂಚಿಕೆ ತಪ್ಪಿರುತ್ತದೆ.

3. 'ವೈಜ್ಞಾನಿಕ' ಎಂಬ ಹಣೆಪಟ್ಟಿ ಓದುಗರು ಹಚ್ಚಿದ್ದು. ಕಾಡು, ವಿಜ್ಞಾನಿ, ಜೇನು, ಹಾರುವ ಓತಿ ಎಂದರೆ ತೇಜಸ್ವಿಯವರ 'ಕರ್ವಾಲೊ' (1980). ಮಾಟ, ಡಾಕ್ಟರು, ಸಮ್ಮೋಹನ ಎಂದರೆ ಯಂಡಮೂರಿಯವರ 'ತುಳಸಿದಳ'. ಅದನ್ನು ತೆಲುಗಿನಲ್ಲೇ ಓದಿದ್ದರೂ ಆಶ್ಚರ್ಯವಿಲ್ಲ. ತುಂಗಭದ್ರಾ ನೀರು ಬಂದ ಮೇಲೆ ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪುಗಳು ಗಂಗಾವತಿ ಸುತ್ತ ಬೇಕಾದಷ್ಟಿವೆ. ಓದಿದ ಭಾಷೆ ಯಾವುದೆಂದು ಕೇಳುವುದು ಇಲ್ಲಿ ಸಲ್ಲದ ಪ್ರಶ್ನೆಯಲ್ಲ.

4. ಕನ್ನಡದಲ್ಲಿ ನಿಜವಾದ ವೈಜ್ಞಾನಿಕ ಕಾದಂಬರಿಗಳ ಸಾಲು ತೆಳ್ಳಗಿದೆ. ನಮಗದು ಕೊರಗು, ಹುಡುಕುವವನಿಗೆ ಲಾಭ. ಮಹಾಭಾರತಕ್ಕೂ ಅನ್ಯಗ್ರಹದವರಿಗೂ ನಂಟು ಹಾಕಿದ ಕಥೆ ಎಂದರೆ ಮನು ಅವರ 'ಮಹಾಸಂಪರ್ಕ'. ಹಾರುವ ತಟ್ಟೆ ಎಂದರೆ ರಾಜಶೇಖರ ಭೂಸನೂರಮಠರ 'ಆಪರೇಷನ್ ಯುಎಫ್‌ಒ'ದಿಂದ ಶುರು ಮಾಡುತ್ತೇನೆ.

5. ಗ್ರಂಥಾಲಯದ ಕ್ಯಾಟಲಾಗಿನಿಂದ ಹೆಚ್ಚು ನಿರೀಕ್ಷಿಸಬೇಡಿ. ಡ್ಯೂಯಿ ವರ್ಗೀಕರಣದಲ್ಲಿ ಕನ್ನಡ ಕಾದಂಬರಿಗಳಿಗೆಲ್ಲ 894.8143 ಎಂಬ ಒಂದೇ ಸಂಖ್ಯೆ. ರಾಕೆಟ್ಟೂ ಅತ್ತೆ ಸೊಸೆಯೂ ಒಂದೇ ಕಪಾಟು. ಬಹಳ ವರ್ಷ ಕೆಲಸ ಮಾಡಿದ ಗ್ರಂಥಪಾಲಕರ ನೆನಪೇ ಅದಕ್ಕಿಂತ ಮೇಲು. ಸ್ಕ್ಯಾನ್ ಆದ ಹಳೆಯ ಪುಸ್ತಕಗಳ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೆದಿರುತ್ತಾರೆ, ದೀರ್ಘ ಬಿಟ್ಟೂ ಒತ್ತಕ್ಷರ ತೆಗೆದೂ ಹುಡುಕಿ ನೋಡಬೇಕು. ಮುದ್ರಿತ ಪ್ರತಿ ಎಲ್ಲೂ ಇಲ್ಲವೆಂದರೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯವಿದೆ: 1954ರ ಕಾಯ್ದೆಯ ಪ್ರಕಾರ ಪ್ರಕಾಶಕರು ಅಲ್ಲಿಗೊಂದು ಪ್ರತಿ ಕಳಿಸಬೇಕು. ಎಲ್ಲರೂ ಕಳಿಸಿದ್ದಾರೆಂದು ಮಾತ್ರ ಭಾವಿಸಬೇಡಿ.

6. ಪುಸ್ತಕ ಸಿಕ್ಕಿತು ಅನ್ನಿಸಿದಾಗ ಹೆಸರು ಹೇಳಬೇಡಿ. ಹೇಳಿದರೆ "ಹೌದ್ರಿ, ಅದ ಅದ!" ಎಂದೇಬಿಡುತ್ತಾರೆ, ಎರಡು ದಿನ ಬಿಟ್ಟು ಅಲ್ಲವಂತೆ. ನಡುವಿನ ಎರಡು ಪುಟದ ಫೋಟೊ ಕಳಿಸಿ. ಮುಂದೇನಾಗುತ್ತದೆಂದು ಅವರೇ ಹೇಳಲಿ.